ಇಂಬಳಕ್ಕೆ ಹೆದರಬೇಕೇ, ಉಣುಗಿಗೆ ಹೆದರಬೇಕೇ? ಮಲೆನಾಡಿನ ಸುಲಭ ನಡಿಗೆಯ ಬಗ್ಗೆ ಕೆಲವು ನಂಬಿಕೆಗಳು

ವಾರಾಂತ್ಯಕ್ಕೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹೊರಡುವವರೆಲ್ಲ ಚಾರಣಿಗರಲ್ಲ. ಕುಮಾರಪರ್ವತ ಏರಬೇಕೆಂಬ ಹಟ ಅವರಿಗಿಲ್ಲ. ಕುಪ್ಪಳಿಯ ಮನೆ ನೋಡಿಕೊಂಡು ಕವಿಶೈಲಕ್ಕೆ ಹತ್ತುವುದು, ಅಡಿಕೆ ತೋಟದ ಅಂಚಿನಲ್ಲಿ ಸಾಗಿ ಹೊಳೆಯ ದಡ ಮುಟ್ಟುವುದು, ಹುಲ್ಲುಗುಡ್ಡದ ಮೇಲೆ ಕೂತು ಬುತ್ತಿ ಬಿಚ್ಚುವುದು, ಇಷ್ಟಾದರೆ ಸಾಕು. ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಬರಬಹುದಾದ ನಡಿಗೆ ಇದು. ಸುಲಭದ್ದು ಎಂಬ ಕಾರಣಕ್ಕೇ ಯಾರೂ ಹೆಚ್ಚು ಯೋಚಿಸುವುದಿಲ್ಲ. ಹಾಗಾಗಿ ಕೆಲವು ನಂಬಿಕೆಗಳು ಪರೀಕ್ಷೆಯಾಗದೆ ಉಳಿದುಬಿಟ್ಟಿವೆ.

ಮೊದಲನೆಯದು ಸಮಯದ ಲೆಕ್ಕ. ‘ಆರು ಕಿಲೋಮೀಟರ್ ತಾನೇ, ಒಂದು ಗಂಟೆ ಸಾಕು’ ಎನ್ನುತ್ತೇವೆ. ಪಾರ್ಕಿನಲ್ಲಿ ಬಿರುಸಾಗಿ ನಡೆಯುವವರಿಗೆ ಅದು ಸರಿಯಿರಬಹುದು, ಗುಡ್ಡದಲ್ಲಿ ಅಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟರು. ಪ್ರತಿ ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ, ಅಂದರೆ ಸುಮಾರು 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದಾರಿಯಲ್ಲಿ 300 ಮೀಟರ್ ಏರಿಕೆಯಿದ್ದರೆ 72 ನಿಮಿಷಕ್ಕೆ 30 ನಿಮಿಷ ಕೂಡಿಸಬೇಕು. ಇದು ಎಲ್ಲೂ ನಿಲ್ಲದ ಗಟ್ಟಿಮುಟ್ಟಾದವರ ಲೆಕ್ಕ. ನೆಲ್ಲಿಕಾಯಿ ಹೆಕ್ಕುತ್ತ, ಫೋಟೊ ತೆಗೆಯುತ್ತ ಹೋಗುವ ಸಂಸಾರಕ್ಕೆ ಮೂರು ಗಂಟೆ ಎಂದಿಟ್ಟುಕೊಳ್ಳುವುದು ಮೇಲು. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಣಿವೆಯಲ್ಲಿ ಎದುರಿನ ಗುಡ್ಡ ಅದಕ್ಕೂ ಮೊದಲೇ ಬೆಳಕನ್ನು ಮರೆ ಮಾಡುತ್ತದೆ.

ಎರಡನೆಯದು, ‘ಹತ್ತುವುದೇ ಕಷ್ಟ, ಇಳಿಯುವುದು ಸುಲಭ’ ಎನ್ನುವುದು. ಇದರಲ್ಲಿ ಅರ್ಧ ನಿಜವಿದೆ. ಹತ್ತುವಾಗ ದೇಹದ ತೂಕವನ್ನು ಗುರುತ್ವಕ್ಕೆ ಎದುರಾಗಿ ಎತ್ತಬೇಕು. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಕಟ್ಟುತ್ತದೆ. ಇಳಿಯುವಾಗ ಇದ್ಯಾವುದೂ ಇಲ್ಲ. ಆದರೆ ಮರುದಿನ, ಅದಕ್ಕಿಂತ ಹೆಚ್ಚಾಗಿ ಅದರ ಮರುದಿನ, ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವ ಹಾಗಾಗುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಆ ಇಳಿಜಾರೇ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದು ಬ್ರೇಕಿನ ಕೆಲಸ ಮಾಡುತ್ತದೆ. ದೇಹ ಕೆಳಗೆ ಮುಗ್ಗರಿಸದಂತೆ ಬಿಗಿ ಹಿಡಿದಿರುವಾಗಲೇ ಮೊಣಕಾಲು ಮಡಚುವುದರಿಂದ ಸ್ನಾಯು ಹಿಗ್ಗಲೇಬೇಕಾಗುತ್ತದೆ. ಬಾವಿಯಿಂದ ಕೊಡ ಸೇದುವುದಕ್ಕೂ ತುಂಬಿದ ಕೊಡವನ್ನು ಹಗ್ಗ ಜಾರದಂತೆ ನಿಧಾನಕ್ಕೆ ಕೆಳಗಿಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಹೀಗೆ ಹಿಗ್ಗುತ್ತ ಎಳೆದು ಹಿಡಿಯುವಾಗ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. ಅದನ್ನು ಸರಿಪಡಿಸಲು ದೇಹ ಶುರುಮಾಡುವ ಉರಿಯೂತವೇ ಒಂದರಿಂದ ಮೂರು ದಿನದವರೆಗೆ ಕಾಡುವ ನೋವು. ‘ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ, ತಿಕ್ಕಿದರೆ ಹೋಗುತ್ತದೆ’ ಎಂದು ಜಿಮ್ಮಿನಲ್ಲಿ ಹೇಳುವುದುಂಟು. ಅದು ತಪ್ಪು. ನಡಿಗೆ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಸಹಜ ಮಟ್ಟಕ್ಕೆ ಬಂದಿರುತ್ತದೆ. ನಾಳಿದ್ದಿನ ನೋವಿಗೆ ಅದು ಕಾರಣವಾಗಲಾರದು. ಸಮಾಧಾನದ ಸಂಗತಿಯೆಂದರೆ, ಒಮ್ಮೆ ಇಳಿದ ಸ್ನಾಯು ಮುಂದಿನ ಕೆಲವು ವಾರ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಹೆಜ್ಜೆ ಸಣ್ಣದಿಟ್ಟರೆ, ಕೈಯಲ್ಲೊಂದು ಕೋಲಿದ್ದರೆ ಮೊಣಕಾಲಿನ ಮೇಲಿನ ಹೊರೆ ತಗ್ಗುತ್ತದೆ. ಊರಿನ ಹಿರಿಯರು ಗುಡ್ಡಕ್ಕೆ ದೊಣ್ಣೆ ಹಿಡಿದು ಹೋಗುವುದು ಹಾವಿಗಾಗಿ ಮಾತ್ರವಲ್ಲ.

ಹೊಳೆಯ ವಿಷಯಕ್ಕೆ ಬಂದರೆ, ‘ನೀರು ಮೊಣಕಾಲಿಗಿಂತ ಕೆಳಗಿದೆ, ದಾಟಬಹುದು’ ಎಂಬ ಮಾತೇ ಅಪಾಯಕಾರಿ. ಆಳಕ್ಕಿಂತ ವೇಗ ಮುಖ್ಯ. ವೇಗ ಎರಡರಷ್ಟಾದರೆ ನೀರು ಕಾಲನ್ನು ನೂಕುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಕಲ್ಲಿನ ಮೇಲಿನ ಪಾಚಿಯ ಲೋಳೆ ಅದಕ್ಕೆ ಜೊತೆಯಾದರೆ ಗಟ್ಟಿ ಆಳೂ ಬೀಳುತ್ತಾನೆ. ನೀವು ನಿಂತಲ್ಲಿ ಬಿಸಿಲಿರಬಹುದು, ಘಟ್ಟದ ನೆತ್ತಿಯಲ್ಲಿ ಮಳೆ ಸುರಿಯುತ್ತಿರಬಹುದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರಿನ ಸುತ್ತ ಇದು ವಿಶೇಷವೇನಲ್ಲ. ತಿಳಿಯಾಗಿದ್ದ ನೀರು ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿ ಬರತೊಡಗಿದರೆ, ಸದ್ದು ದೊಡ್ಡದಾದರೆ ತಕ್ಷಣ ಮೇಲಕ್ಕೆ ಬನ್ನಿ. ಇನ್ನು ‘ಹರಿಯುವ ನೀರಿಗೆ ದೋಷವಿಲ್ಲ’ ಎನ್ನುವುದೂ ಅಷ್ಟೇ. ಹರಿವು ಕಸವನ್ನು ಕೊಚ್ಚೀತು, ರೋಗಾಣುವನ್ನು ಕೊಲ್ಲದು. ಮೇಲೆ ಎಮ್ಮೆ ಮಲಗಿದ್ದು ನಿಮಗೆ ಕಾಣುವುದಿಲ್ಲ. ಕಾಯಿಸಿ ಆರಿಸಿದ ನೀರು ಮನೆಯಿಂದಲೇ ಬರಲಿ.

ಈಗ ಇಂಬಳ. ಮಳೆಗಾಲದ ನಡಿಗೆ ಬೇಡ ಎನ್ನುವವರು ಕೊಡುವ ಮೊದಲ ಕಾರಣವೇ ಇದು. ಕಾಲಿನಿಂದ ರಕ್ತ ಇಳಿಯುವುದನ್ನು ನೋಡಿದರೆ ಯಾರಿಗಾದರೂ ಗಾಬರಿಯೇ. ಆದರೆ ಅದು ಕುಡಿಯುವ ರಕ್ತ ದೇಹಕ್ಕೆ ಲೆಕ್ಕಕ್ಕೇ ಇಲ್ಲ. ಕಚ್ಚುವಾಗ ಅದು ಬಿಡುವ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ, ಇಂಬಳ ಉದುರಿದ ಮೇಲೂ ರಕ್ತ ಜಿನುಗುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಒತ್ತಿ ಹಿಡಿದು ಬಟ್ಟೆ ಕಟ್ಟಿದರೆ ಸಾಕು. ನಮ್ಮ ಕಾಡಿನ ನೆಲದ ಇಂಬಳ ಮನುಷ್ಯರಿಗೆ ಯಾವುದೇ ರೋಗ ಹರಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಗಾಯ ಕೆರೆದು ಕೀವಾಗುವುದೇ ಸಾಮಾನ್ಯ ತೊಂದರೆ. ಉಪ್ಪು, ಸುಣ್ಣ, ಬೆಂಕಿಕಡ್ಡಿ ಎಲ್ಲರಿಗೂ ಗೊತ್ತಿರುವ ಮದ್ದು. ಆದರೆ ಸಂಕಟಕ್ಕೊಳಗಾದ ಇಂಬಳ ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಅದರ ಸಪೂರ ತುದಿಯ ಕಡೆಯಿಂದ ಉಗುರು ತೂರಿಸಿ ಚರ್ಮದಿಂದ ಬಿಡಿಸಿ, ಆಮೇಲೆ ಇನ್ನೊಂದು ತುದಿಯನ್ನು ಎಬ್ಬಿಸುವುದೇ ಉತ್ತಮ. ಒತ್ತಾಗಿ ನೇಯ್ದ ಉದ್ದ ಕಾಲುಚೀಲದೊಳಕ್ಕೆ ಪ್ಯಾಂಟು ಸಿಕ್ಕಿಸಿಕೊಂಡರೆ ಅರ್ಧ ಕಾಟ ತಪ್ಪುತ್ತದೆ.

ಮಳೆ ನಿಂತು ಇಂಬಳ ಮಾಯವಾದ ಮೇಲೆ, ‘ಈಗ ಕಾಡು ಸುರಕ್ಷಿತ’ ಎಂದುಕೊಂಡು ಜನ ಬರುತ್ತಾರೆ. ಕ್ರಿಸ್‌ಮಸ್ ರಜೆ, ಸಂಕ್ರಾಂತಿ, ಬೇಸಿಗೆ ರಜೆ. ನಿಜಕ್ಕೂ ಎಚ್ಚರ ಬೇಕಾದ ಕಾಲ ಇದೇ. ಈ ತಿಂಗಳುಗಳಲ್ಲಿ ತರಗೆಲೆಯ ನಡುವೆ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ಕಾದು ಕೂತಿರುತ್ತವೆ. ಕೆಲವೆಡೆ ಇವನ್ನು ಉಣ್ಣೆ ಎನ್ನುತ್ತಾರೆ. ಮಂಗನ ಕಾಯಿಲೆಯ ವೈರಾಣುವನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಈ ಮರಿಗಳೇ. ಇಂಬಳ ಕಚ್ಚಿದ್ದು ರಕ್ತದಿಂದಲಾದರೂ ತಿಳಿಯುತ್ತದೆ. ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಿತು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಶಂಕೆಯೂ ಆಗ ಎದ್ದಿತ್ತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ಆದ ವೈರಾಣು. ಹಾಗಾಗಿ ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಕ್ಯಾಸನೂರಿನದೇ ಹೆಸರು. ಅದೀಗ ಶಿವಮೊಗ್ಗಕ್ಕೆ ಸೀಮಿತವಲ್ಲ. ಚಿಕ್ಕಮಗಳೂರು, ಉತ್ತರ ಕನ್ನಡ, ಬಂಡೀಪುರದ ಸುತ್ತು, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಂಡಿದೆ.

ಹೆಸರಿನಿಂದಾಗಿ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ಮಂಗ ಮುಟ್ಟಿದರೆ, ಕಚ್ಚಿದರೆ ಈ ರೋಗ ಬರುತ್ತದೆ ಎಂದಲ್ಲ. ಮಂಗವೂ ನಮ್ಮಂತೆಯೇ ಬಲಿಪಶು. ಸೋಂಕಿನಿಂದ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ನೆಲಕ್ಕುದುರುತ್ತವೆ. ಹೀಗೆ ಆ ಜಾಗ ಸೋಂಕಿನ ತಾಣವಾಗುತ್ತದೆ. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಬೇಕು. ರೋಗಿಯಿಂದ ಇನ್ನೊಬ್ಬರಿಗೂ ಇದು ಹರಡುವುದಿಲ್ಲ. ಕಾಯಿಲೆ ಬಿದ್ದವರ ಮನೆಗೆ ಹೋಗದಿರುವುದು ಬರೀ ಅನ್ಯಾಯ.

ಹಾಗಾದರೆ ಆ ತಿಂಗಳುಗಳಲ್ಲಿ ನಡೆಯಲೇಬಾರದೇ? ಹಾಗೇನಿಲ್ಲ. ಆ ಊರಿನಲ್ಲಿ ಈ ವರ್ಷ ಮಂಗ ಸತ್ತಿದೆಯೇ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಉಳಿದುಕೊಳ್ಳುವ ಮನೆಯವರನ್ನು ಮೊದಲೇ ಕೇಳಿ. ಹೌದೆಂದರೆ ಆ ಕಾಡಿನ ದಾರಿ ಬಿಡಿ. ಇಲ್ಲವೆಂದರೂ ಸವೆದ ಕಾಲುದಾರಿಯ ನಡುವೆಯೇ ನಡೆಯಿರಿ, ತರಗೆಲೆಯ ರಾಶಿಯ ಮೇಲೆ ಕೂರುವುದು, ಮಲಗುವುದು ಬೇಡ. ಮೈಮುಚ್ಚುವ ತಿಳಿಬಣ್ಣದ ಬಟ್ಟೆಯಿದ್ದರೆ ಉಣುಗು ಹತ್ತಿದ್ದು ಕಾಣುತ್ತದೆ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಊರಿನವರ ಬಳಿಯಿದ್ದರೆ ಹೇಗೆ ಹಚ್ಚಬೇಕೆಂದು ಅವರನ್ನೇ ಕೇಳಿ. ವಾಪಸಾದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಮಕ್ಕಳ ತಲೆಗೂದಲನ್ನೂ ನೋಡಿ. ಉಣುಗು ಕಚ್ಚಿ ಹಿಡಿದಿದ್ದರೆ ಸೀಮೆಎಣ್ಣೆ, ಸುಡುವ ಊದುಬತ್ತಿ ಯಾವುದೂ ಬೇಡ. ಮೊನಚು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳ ನಡುವೆ ಹೊಸಕಬೇಡಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ.

ಕಚ್ಚಿದ ಉಣುಗಿನಲ್ಲೆಲ್ಲ ವೈರಾಣು ಇರುವುದಿಲ್ಲ. ಇದ್ದರೆ, ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ದಿಢೀರನೆ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ ಬರುತ್ತದೆ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಬೇಗ ಆಸ್ಪತ್ರೆ ಸೇರಿ, ದೇಹದ ನೀರಿನಂಶ ಕುಸಿಯದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆ ಹೊತ್ತಿಗೆ ನೀವು ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿರುತ್ತೀರಿ. ಅಲ್ಲಿನ ವೈದ್ಯರ ಎದುರು ದಿನಕ್ಕೆ ಹತ್ತಾರು ಜ್ವರದ ಪ್ರಕರಣಗಳಿರುತ್ತವೆ, ಡೆಂಗಿಯೆಂದೇ ಅವರಿಗೆ ಮೊದಲು ಅನ್ನಿಸೀತು. ಜ್ವರ ಯಾವಾಗ ಬಂತು ಎಂದು ಕೇಳಿದಾಗ ಇನ್ನೂ ಒಂದು ವಾಕ್ಯ ಸೇರಿಸಿ ಹೇಳಿ: ‘ಹೋದ ವಾರ ಮಲೆನಾಡಿನ ಕಾಡುದಾರಿಯಲ್ಲಿ ನಡೆದಿದ್ದೆ.’