ಚೆಂದದ ರಾಕೆಟ್ ನೆಟ್ಟಗೆ ಹಾರಬೇಕಾದರೆ?



ಕಥೆಗಳಲ್ಲಿ, ಸಿನಿಮಾಗಳಲ್ಲಿ ಬರುವ ರಾಕೆಟ್‌ಗಳನ್ನು ನೀವು ನೋಡಿದ್ದೀರಲ್ಲವೇ? ಒಂದಕ್ಕೆ ಹದ್ದಿನಂತೆ ಚಾಚಿದ ರೆಕ್ಕೆಗಳು. ಇನ್ನೊಂದಕ್ಕೆ ಮೀನಿನಂಥ ಮೈ. ಮತ್ತೊಂದರ ಎರಡೂ ಪಕ್ಕದಲ್ಲಿ ಕೊಳವೆಗಳು, ಸಾಲು ಸಾಲು ಕಿಟಕಿಗಳು. ಅಂಥದ್ದೊಂದು ರಾಕೆಟ್ಟನ್ನು ನೀವೇ ಕಲ್ಪಿಸಿಕೊಂಡು, ನೀವೇ ಕಟ್ಟಿ, ಬಣ್ಣ ಬಳಿದು ಶಾಲೆಯ ಮೈದಾನದಿಂದ ಹಾರಿಸಿದರೆ ಹೇಗಿರುತ್ತದೆ? ಮದ್ದು ಬೇಡ, ಬೆಂಕಿ ಬೇಡ. ಕಾಗದ, ಅಂಟು ಮತ್ತು ಗಾಳಿ ಸಾಕು.

ಅದಕ್ಕೂ ಮೊದಲು ನಾನು ಕಂಡ ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ವಿಜ್ಞಾನ ಮೇಳ ನಡೆಯುತ್ತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಂಗಳ ಗ್ರಹಕ್ಕೆ ಹೋಗುವ ರಾಕೆಟ್ ಮಾಡಿ ತಂದಿದ್ದಳು. ಕೆಂಪು ಬಣ್ಣ, ಬೆಳ್ಳಿ ಕಾಗದದ ಕಿಟಕಿಗಳು, ಮೂತಿಯ ಹತ್ತಿರವೇ ಎರಡು ದೊಡ್ಡ ರೆಕ್ಕೆಗಳು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಹಾರಿಸಿದಾಗ ಏನಾಯಿತು? ಎರಡಾಳೆತ್ತರ ಏರಿ, ಪಲ್ಟಿ ಹೊಡೆದು, ನಿಂತಿದ್ದವರ ಕಡೆಗೇ ತಿರುಗಿ ಬಂದು ಬಿತ್ತು. ಅವಳ ಪಕ್ಕದಲ್ಲಿದ್ದ ಹುಡುಗ ನೋಟ್ ಪುಸ್ತಕದ ಹಾಳೆ ಸುತ್ತಿ ಮಾಡಿದ್ದ, ಬಣ್ಣವೇ ಇಲ್ಲದ ರಾಕೆಟ್ ಮಾತ್ರ ನೆಟ್ಟಗೆ ಹೋಗಿ ಮೈದಾನದಾಚೆಯ ಹುಣಸೆ ಮರವನ್ನು ಮುಟ್ಟಿತು. ಹುಡುಗಿಯ ಕಣ್ಣಲ್ಲಿ ನೀರು. "ಸಾರ್, ರೆಕ್ಕೆಗಳನ್ನು ಕಿತ್ತುಬಿಡಬೇಕಾ?" ಎಂದು ಕೇಳಿದಳು.

"ಈಗಲೇ ಕೀಳಬೇಡ. ಅದು ಏಕೆ ಪಲ್ಟಿ ಹೊಡೆಯಿತು ಎಂದು ಮೊದಲು ತಿಳಿಯೋಣ" ಎಂದೆ. ನೀವೂ ತಿಳಿಯಿರಿ.

ಎರಡು ಕೇಂದ್ರಗಳ ಕಥೆ

ಒಂದು ಸ್ಕೇಲನ್ನು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ಬೀಳದಂತೆ ನಿಲ್ಲಿಸಿ. ಅದು ನಿಲ್ಲುವ ಜಾಗವೇ ಅದರ ಗುರುತ್ವ ಕೇಂದ್ರ. ರಾಕೆಟ್ಟಿಗೂ ಇಂಥ ಒಂದು ಬಿಂದು ಇದೆ. ಗಾಳಿಯಲ್ಲಿ ಹಾರುವಾಗ ರಾಕೆಟ್ ವಾಲಿದರೆ ಈ ಬಿಂದುವಿನ ಸುತ್ತಲೇ ತಿರುಗುತ್ತದೆ.

ಇನ್ನೊಂದು ಬಿಂದು ಒತ್ತಡ ಕೇಂದ್ರ. ರಾಕೆಟ್ ಸ್ವಲ್ಪ ವಾಲಿದ ಕೂಡಲೇ ಎದುರುಗಾಳಿ ಅದರ ಮೈಯನ್ನೂ ರೆಕ್ಕೆಗಳನ್ನೂ ಪಕ್ಕದಿಂದ ತಳ್ಳುತ್ತದೆ. ಈ ತಳ್ಳುವಿಕೆಯನ್ನೆಲ್ಲ ಒಟ್ಟುಗೂಡಿಸಿದರೆ ಅದು ಒಂದೇ ಬಿಂದುವಿನಲ್ಲಿ ತಳ್ಳಿದಂತೆ ಆಗುತ್ತದೆ. ಅದೇ ಒತ್ತಡ ಕೇಂದ್ರ. ರೆಕ್ಕೆ ಎಲ್ಲಿ ಅಗಲವಾಗಿದೆಯೋ ಅದು ಆ ಕಡೆಗೆ ಸರಿಯುತ್ತದೆ.

ಈಗ ಯೋಚಿಸಿ. ಒತ್ತಡ ಕೇಂದ್ರ ಬಾಲದ ಕಡೆ ಇದ್ದರೆ ಗಾಳಿ ಬಾಲವನ್ನು ತಳ್ಳುತ್ತದೆ, ವಾಲಿದ ಮೂತಿ ಮತ್ತೆ ಮುಂದಕ್ಕೆ ಬರುತ್ತದೆ. ಬಿಲ್ಲಿನಿಂದ ಬಿಟ್ಟ ಬಾಣ ನೆಟ್ಟಗೆ ಹೋಗುವುದು ಹೀಗೆಯೇ. ಅದರ ಗರಿ ಹಿಂದೆ ಇರುತ್ತದೆ, ಭಾರದ ಮೊನೆ ಮುಂದೆ ಇರುತ್ತದೆ. ಒತ್ತಡ ಕೇಂದ್ರ ಮೂತಿಯ ಕಡೆ ಇದ್ದರೆ? ಗಾಳಿ ಮೂತಿಯನ್ನೇ ತಳ್ಳುತ್ತದೆ. ಸ್ವಲ್ಪ ವಾಲಿದ್ದು ಇನ್ನಷ್ಟು ವಾಲುತ್ತದೆ, ಕೊನೆಗೆ ಪಲ್ಟಿ ಹೊಡೆಯುತ್ತದೆ.

ಆದ್ದರಿಂದ ನಿಯಮ ಇಷ್ಟೆ: ಗುರುತ್ವ ಕೇಂದ್ರ ಮುಂದೆ, ಒತ್ತಡ ಕೇಂದ್ರ ಹಿಂದೆ. ಎರಡರ ನಡುವೆ ಕನಿಷ್ಠ ರಾಕೆಟ್ಟಿನ ಕೊಳವೆಯ ವ್ಯಾಸದಷ್ಟು ಅಂತರ ಇರಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಉದಾಹರಣೆ ಇದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್‌ಗಳಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. ಆ ಗಳುವೇ ರಾಕೆಟ್ಟಿನ ಬಾಲ. ದೀಪಾವಳಿಯ ರಾಕೆಟ್ಟಿಗೆ ಕಡ್ಡಿ ಇರುವುದೂ ಇದಕ್ಕಾಗಿಯೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು.

ದೊಡ್ಡವರೂ ತಪ್ಪಿದ್ದಾರೆ!

ಅಮೆರಿಕದ ರಾಬರ್ಟ್ ಗೊಡಾರ್ಡ್ 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದರು. ಅದು ಹಾರಿದ್ದು ಸುಮಾರು ಎರಡೂವರೆ ಸೆಕೆಂಡು, ಏರಿದ್ದು ಸುಮಾರು 12 ಮೀಟರ್ ಅಷ್ಟೆ. ಅದರಲ್ಲಿ ಎಂಜಿನ್ ಮೇಲಿತ್ತು, ಇಂಧನದ ತೊಟ್ಟಿಗಳು ಕೆಳಗಿದ್ದವು. ಮೇಲಿನಿಂದ ಎಳೆದರೆ ರಾಕೆಟ್ ನೆಟ್ಟಗೆ ಹೋಗುತ್ತದೆ ಎಂಬ ಲೆಕ್ಕಾಚಾರ. ಆದರೆ ಎಂಜಿನ್ನು ರಾಕೆಟ್ಟಿಗೇ ಬಿಗಿದಿದೆಯಲ್ಲ! ರಾಕೆಟ್ ವಾಲಿದರೆ ಎಂಜಿನ್ನೂ ವಾಲುತ್ತದೆ, ಎಳೆಯುವ ದಿಕ್ಕೂ ವಾಲುತ್ತದೆ. ಗೊಡಾರ್ಡ್ ಮುಂದಿನ ರಾಕೆಟ್‌ಗಳಲ್ಲಿ ಎಂಜಿನ್ನನ್ನು ಕೆಳಕ್ಕೆ ತಂದರು. ನಿಮ್ಮ ರಾಕೆಟ್ ಮೊದಲ ಸಲ ಕೆಟ್ಟರೆ ನಾಚಬೇಕಾಗಿಲ್ಲ.

ಸಿನಿಮಾ ರಾಕೆಟ್‌ಗಳ ಗುಟ್ಟು

"ಹಾಗಾದರೆ ಸಿನಿಮಾದಲ್ಲಿ ಚಿತ್ರವಿಚಿತ್ರ ಆಕಾರದವು ಹೇಗೆ ಹಾರುತ್ತವೆ?" ಎಂದು ನೀವು ಕೇಳಬಹುದು. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ. ಗಾಳಿಯಿಲ್ಲದ ಕಡೆ ಒತ್ತಡ ಕೇಂದ್ರದ ಚಿಂತೆಯೂ ಇಲ್ಲ. 1969ರಲ್ಲಿ ಇಬ್ಬರು ಗಗನಯಾತ್ರಿಗಳನ್ನು ಚಂದ್ರನ ಮೇಲೆ ಇಳಿಸಿದ ವಾಹನದ ಚಿತ್ರ ನೋಡಿ. ಅದು ನಾಲ್ಕು ಕಾಲಿನ ಜೇಡನಂತಿದೆ. ಅದನ್ನು ಭೂಮಿಯಿಂದ ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ ಮಾತ್ರ ಚೂಪು ಮೂತಿಯ ಉದ್ದನೆಯ ಕೊಳವೆಯಂತಿತ್ತು. ಮೊದಲನೆಯದು ಗಾಳಿಯಲ್ಲಿ ಹಾರಬೇಕಾಗಿರಲಿಲ್ಲ, ಎರಡನೆಯದು ಹಾರಬೇಕಿತ್ತು. ನಿಮ್ಮ ರಾಕೆಟ್ ಶಾಲೆಯ ಮೈದಾನದ ಗಾಳಿಯಲ್ಲಿ ಹಾರಬೇಕು. ಅದು ಗಾಳಿಯ ಮಾತನ್ನು ಕೇಳಲೇಬೇಕು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: 2 ಲೀಟರಿನ ಖಾಲಿ ತಂಪು ಪಾನೀಯದ ಬಾಟಲಿ, ಹಳೆಯ ಸೈಕಲ್ ಟ್ಯೂಬಿನ 60 ಸೆಂ.ಮೀ. ತುಂಡು, ಅರ್ಧ ಇಂಚಿನ ಪಿ.ವಿ.ಸಿ. ಪೈಪಿನ 40 ಸೆಂ.ಮೀ. ತುಂಡು, ಬಿಳಿ ಹಾಳೆ, ಹಳೆಯ ಲಗ್ನಪತ್ರಿಕೆಯ ರಟ್ಟು, ಅಂಟು, ಟೇಪು, ಕತ್ತರಿ, ಜೇಡಿಮಣ್ಣು, ದಾರ.

ಉಡ್ಡಯನ ಯಂತ್ರ: ಟ್ಯೂಬಿನ ಒಂದು ತುದಿಯನ್ನು ಬಾಟಲಿಯ ಬಾಯಿಗೂ ಇನ್ನೊಂದನ್ನು ಪೈಪಿಗೂ ತೂರಿಸಿ, ಗಾಳಿ ಸೋರದಂತೆ ಟೇಪು ಸುತ್ತಿ. ಟ್ಯೂಬಿನಲ್ಲಿ ಗಾಳಿ ತುಂಬುವ ವಾಲ್ವ್ ಇರುವ ಭಾಗ ಬೇಡ. ಪೈಪನ್ನು ಇಟ್ಟಿಗೆಗಳ ನಡುವೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಅದರ ಬಾಯಿ ಬಯಲಿನ ಕಡೆ ಇರಲಿ.

ಮೈ: ಪೈಪಿನ ಮೇಲೆ ಮೊದಲು ಒಂದು ಸುತ್ತು ಕಾಗದವನ್ನು ಸಡಿಲವಾಗಿ ಸುತ್ತಿ. ಅದರ ಮೇಲೆ ಇನ್ನೊಂದು ಹಾಳೆಯನ್ನು ಉದ್ದಕ್ಕೆ ಎರಡು ಮೂರು ಸುತ್ತು ಬರುವಂತೆ ಸುತ್ತಿ ಅಂಟಿಸಿ. ಒಣಗಿದ ಮೇಲೆ ಒಳಗಿನ ಸಡಿಲ ಕಾಗದವನ್ನು ತೆಗೆದುಬಿಡಿ. ಈಗ ಕೊಳವೆ ಪೈಪಿನ ಮೇಲೆ ಸಲೀಸಾಗಿ ಜಾರುತ್ತದೆ. ಅದರ ಮೇಲ್ತುದಿಯನ್ನು ಮಡಿಸಿ, ಗಾಳಿ ಹೋಗದಂತೆ ಟೇಪಿನಿಂದ ಮುಚ್ಚಿ.

ಮೂತಿ: 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು ಅದರ ಕಾಲು ಭಾಗವನ್ನು ಕತ್ತರಿಸಿ. ಕಂಸದ ಉದ್ದ 2 × 3.14 × 5 ÷ 4, ಅಂದರೆ 7.85 ಸೆಂ.ಮೀ. ಕೊಳವೆಯ ಸುತ್ತಳತೆ ಸುಮಾರು 7 ಸೆಂ.ಮೀ. ಉಳಿದ ಭಾಗ ಒಂದರ ಮೇಲೊಂದು ಅಂಟಿಸಲು. ಗಣಿತದ ತರಗತಿಯಲ್ಲಿ ಕಲಿತದ್ದು ಇಲ್ಲಿ ಬಳಕೆಗೆ ಬಂತು ನೋಡಿ! ಶಂಕುವಿನೊಳಗೆ ಹುಣಸೆ ಬೀಜದಷ್ಟು ಜೇಡಿಮಣ್ಣು ಇಟ್ಟು ಕೊಳವೆಗೆ ಅಂಟಿಸಿ. ತುದಿ ಚೂಪಾಗಿ ಇರುವುದು ಬೇಡ. ಟೇಪು ಸುತ್ತಿ ಮೊಂಡಾಗಿಸಿ.

ರೆಕ್ಕೆ: ಬಾಲದ ಬಳಿ ಮೂರು ರೆಕ್ಕೆಗಳು ಸಮ ಅಂತರದಲ್ಲಿ ಇರಲಿ. ಕೊಳವೆಗೆ ಒಂದು ಸುತ್ತು ಬರುವ ಕಾಗದದ ಪಟ್ಟಿಯನ್ನು ಮೂರಾಗಿ ಮಡಿಸಿದರೆ ಗುರುತು ಹಾಕಲು ಸುಲಭ.

ಇನ್ನು ನಿಮ್ಮ ಕಲ್ಪನೆ. ಪಕ್ಕದ ಕೊಳವೆ ಬೇಕೇ? ಕಾಗದವನ್ನೇ ಸುತ್ತಿ ಮಾಡಿ. ಪೆನ್ನಿನ ಮುಚ್ಚಳ ಅಂಟಿಸಿದರೆ ಬಾಲ ಭಾರವಾಗಿ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ.

ಹಾರಿಸುವ ಮುನ್ನ ಪರೀಕ್ಷೆ

1. ರಾಕೆಟ್ಟನ್ನು ದಾರದಿಂದ ತೂಗಿಸಿ, ಅಡ್ಡಲಾಗಿ ಸಮನಾಗಿ ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಇದು ಗುರುತ್ವ ಕೇಂದ್ರ.

2. ರಾಕೆಟ್ಟನ್ನು ಪಕ್ಕದಿಂದ ನೋಡಿದರೆ ಕಾಣುವ ಆಕಾರವನ್ನು ಅದೇ ಅಳತೆಯಲ್ಲಿ ರಟ್ಟಿನ ಮೇಲೆ ಬರೆದು ಕತ್ತರಿಸಿ. ಆ ರಟ್ಟನ್ನು ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ಅದು ನಿಲ್ಲುವ ಜಾಗ ಹೆಚ್ಚುಕಡಿಮೆ ಒತ್ತಡ ಕೇಂದ್ರ.

3. ಮೊದಲನೆಯ ಗುರುತು ಎರಡನೆಯದಕ್ಕಿಂತ ಎರಡೂವರೆ ಸೆಂ.ಮೀ. ಆದರೂ ಮುಂದೆ ಇದೆಯೇ? ಇಲ್ಲದಿದ್ದರೆ ಮೂತಿಗೆ ಇನ್ನಷ್ಟು ಮಣ್ಣು ಹಾಕಿ, ಅಥವಾ ಬಾಲದ ರೆಕ್ಕೆಯನ್ನು ದೊಡ್ಡದು ಮಾಡಿ.

4. ಗುರುತ್ವ ಕೇಂದ್ರಕ್ಕೆ ಒಂದೂವರೆ ಮೀಟರ್ ದಾರ ಕಟ್ಟಿ, ಬಯಲಿನಲ್ಲಿ ತಲೆಯ ಮೇಲೆ ಸುತ್ತಾಗಿ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ರಾಕೆಟ್ ಸಿದ್ಧ.

ಬಣ್ಣದ ಕೆಲಸ

ಅವಸರ ಬೇಡ. ಕಾಗದದ ಅಂಚುಗಳು ಎದ್ದು ಕಾಣುತ್ತಿದ್ದರೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ತೆಳ್ಳಗೆ ಸವರಿ. ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಮೊದಲು ಬಿಳಿ ಬಣ್ಣ, ಅದು ಒಣಗಿದ ಮೇಲೆ ನಿಮ್ಮ ಮೆಚ್ಚಿನ ಬಣ್ಣ. ನೀರು ಹೆಚ್ಚಾದರೆ ಕಾಗದ ಸೊಟ್ಟಗಾಗುತ್ತದೆ, ಆದ್ದರಿಂದ ತೆಳ್ಳಗೆ ಬಳಿಯಿರಿ. ಚಾಕೊಲೇಟಿನ ಬೆಳ್ಳಿ ಕಾಗದದಿಂದ ಕಿಟಕಿ ಮಾಡಿ. ಲೋಹದ ತಗಡು ಜೋಡಿಸಿದಂತೆ ಕಾಣಲು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಾಲದ ಬಳಿ ಇದ್ದಿಲ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಎಷ್ಟೋ ಸಲ ಹಾರಿ ಬಂದ ರಾಕೆಟ್ಟಿನಂತೆ ಕಾಣುತ್ತದೆ. 1977ರ ಸ್ಟಾರ್ ವಾರ್ಸ್ ಚಿತ್ರಕ್ಕೆ ಮಾದರಿ ನೌಕೆಗಳನ್ನು ಮಾಡಿದವರೂ ಅವು ಬಳಸಿ ಹಳೆಯದಾದಂತೆ ಕಾಣಲೆಂದು ಕೊಳೆಯ ಬಣ್ಣ ಹಚ್ಚಿದ್ದರು. ಆಟಿಕೆ ಟ್ಯಾಂಕು, ಕಾರುಗಳ ಚಿಕ್ಕ ಚಿಕ್ಕ ಬಿಡಿಭಾಗಗಳನ್ನು ಅವುಗಳ ಮೈಗೆ ಅಂಟಿಸಿದ್ದರು.

ಬಣ್ಣಕ್ಕೂ ತೂಕವಿದೆ, ಮರೆಯಬೇಡಿ. ಬಣ್ಣ ಒಣಗಿದ ಮೇಲೆ ದಾರದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಹಾರಿಸುವಾಗ ಎಚ್ಚರಿಕೆ

ಶಿಕ್ಷಕರು ಜೊತೆಗಿರಲಿ. ಪೈಪಿನ ಮೇಲೆ ಬಗ್ಗಿ ನೋಡಬೇಡಿ. ಪೈಪಿನ ಬಾಯಿಯ ಎದುರು ಯಾರೂ ನಿಲ್ಲಬಾರದು. ಎಲ್ಲರೂ ಹಾರಿಸುವವರ ಹಿಂದೆ ಇರಿ. ಪಟಾಕಿಯ ಮದ್ದು, ಬೆಂಕಿಕಡ್ಡಿಯ ಮದ್ದು ತುಂಬುವ ಸಾಹಸ ಖಂಡಿತ ಬೇಡ. ಸ್ವಲ್ಪವೇ ಮದ್ದು ಕೂಡ ಬೆರಳನ್ನೋ ಕಣ್ಣನ್ನೋ ಕಸಿದುಕೊಳ್ಳಬಲ್ಲದು.

ಬಾಟಲಿಯ ಮೇಲೆ ಕಾಲಿನಿಂದ ಜೋರಾಗಿ ತುಳಿಯಿರಿ. ಒಳಗಿನ ಗಾಳಿ ಒತ್ತಿಕೊಂಡು ಪೈಪಿನ ಮೂಲಕ ನುಗ್ಗಿ ರಾಕೆಟ್ಟನ್ನು ಎಸೆಯುತ್ತದೆ. ಪೈಪು ಬಿಟ್ಟ ಮೇಲೆ ಅದನ್ನು ತಳ್ಳುವವರಿಲ್ಲ. ನಿಜವಾದ ರಾಕೆಟ್ ಹಾಗಲ್ಲ. ಅದು ಇಂಧನವನ್ನು ಜೊತೆಯಲ್ಲೇ ಒಯ್ದು, ದಾರಿಯಲ್ಲಿ ಅನಿಲವನ್ನು ಹಿಂದಕ್ಕೆ ಚಿಮ್ಮುತ್ತಾ ಮುಂದೆ ಹೋಗುತ್ತದೆ. ನಮ್ಮದು ಫ್ರಾನ್ಸಿನ ಲೇಖಕ ಜೂಲ್ಸ್ ವರ್ನ್ 1865ರ ತಮ್ಮ ಕಾದಂಬರಿಯಲ್ಲಿ ಕಲ್ಪಿಸಿದ, ಫಿರಂಗಿಯಿಂದ ಚಂದ್ರನತ್ತ ಹಾರಿಸುವ ಗುಂಡಿಗೆ ಹತ್ತಿರ.

ಇನ್ನು ಆ ಹುಡುಗಿಯ ಕಥೆ. ರಟ್ಟಿನ ಪರೀಕ್ಷೆ ಮಾಡಿದಾಗ ಅವಳ ರಾಕೆಟ್ಟಿನ ಒತ್ತಡ ಕೇಂದ್ರ ಗುರುತ್ವ ಕೇಂದ್ರಕ್ಕಿಂತ ಮುಂದಿತ್ತು. ಅವಳು ದೊಡ್ಡ ರೆಕ್ಕೆಗಳನ್ನು ಬಿಡಿಸಿ ಬಾಲಕ್ಕೆ ಅಂಟಿಸಿದಳು, ಬಾಲದಲ್ಲಿದ್ದ ಪುಟ್ಟ ರೆಕ್ಕೆಗಳನ್ನು ಮೂತಿಯ ಹತ್ತಿರ ತಂದಳು, ಒಳಗೆ ಜೇಡಿಮಣ್ಣು ಇಟ್ಟಳು. ಚಿತ್ರ ಅವಳದೇ, ಜೋಡಣೆ ಮಾತ್ರ ಬೇರೆ. ಮಧ್ಯಾಹ್ನ ಮತ್ತೆ ಹಾರಿಸಿದಳು. ಹುಣಸೆ ಮರವನ್ನು ಅದು ಮುಟ್ಟಲಿಲ್ಲ. ರೆಕ್ಕೆ, ಬಣ್ಣ ಎಲ್ಲ ಸೇರಿ ಭಾರವಾಗಿತ್ತು. ಆದರೆ ಒಂದಿಷ್ಟೂ ಪಲ್ಟಿ ಹೊಡೆಯದೆ ಬಾಣದಂತೆ ನೆಟ್ಟಗೆ ಹೋಯಿತು. ಮರ ಮುಟ್ಟಿದ ಹುಡುಗನೇ ಮೊದಲು ಚಪ್ಪಾಳೆ ತಟ್ಟಿದ.

ನೀವೂ ಒಂದೊಂದೇ ಬದಲಾವಣೆ ಮಾಡಿ ಹಾರಿಸಿ: ಒಮ್ಮೆ ಮಣ್ಣು ಹೆಚ್ಚು, ಒಮ್ಮೆ ರೆಕ್ಕೆ ದೊಡ್ಡದು, ಒಮ್ಮೆ ಪೈಪಿನ ಓರೆ ಬೇರೆ. ಪ್ರತಿ ಸಲವೂ ದೂರವನ್ನು ಹೆಜ್ಜೆಯಿಂದ ಅಳೆದು ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ರಾಕೆಟ್ ಬಿಡುವ ಮುನ್ನ ಹಿಂದು ಹಿಂದಕ್ಕೆ ಎಣಿಸುವುದನ್ನು ಜನಪ್ರಿಯಗೊಳಿಸಿದ್ದು 1929ರ ಒಂದು ಜರ್ಮನ್ ಸಿನಿಮಾ, 'ಚಂದ್ರನಲ್ಲಿ ಮಹಿಳೆ'. ಅದಕ್ಕೆ ಸಲಹೆ ಕೊಟ್ಟವರು ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್. ಕಥೆಯಲ್ಲಿ ಹುಟ್ಟಿದ ಆ ಎಣಿಕೆ ಇಂದು ಶ್ರೀಹರಿಕೋಟಾದಲ್ಲೂ ಕೇಳುತ್ತದೆ. ನಿಮ್ಮ ಮೈದಾನದಲ್ಲೂ ಕೇಳಲಿ. ಎಲ್ಲರೂ ಹಿಂದೆ ಸರಿದಿದ್ದೀರಾ? ಹತ್ತು, ಒಂಬತ್ತು, ಎಂಟು...