ಹಳೇ ಬುಲೆಟ್ ಮೇಲೆ ಮನಸ್ಸೇ? ಮೊದಲು ಕಾಗದ ನೋಡಿ, ಆಮೇಲೆ ಇಂಜಿನ್!

ಡುಗು... ಡುಗು... ಡುಗು...!

ಬೀದಿಯ ತುದಿಯಲ್ಲಿ ಈ ಸದ್ದು ಕೇಳಿದ್ದೇ ತಡ, ಬಾಗಿಲಲ್ಲಿ ತನ್ನ ನೂರು ಸಿ.ಸಿ. ಗಾಡಿ ಒರೆಸುತ್ತಿದ್ದ ಹುಡುಗನ ಕೈ ಹಾಗೇ ನಿಂತುಬಿಡುತ್ತದೆ. ಕಣ್ಣು ಆ ಕಡೆ, ಮನಸ್ಸೂ ಆ ಕಡೆ. ನಾಲ್ಕು ವರ್ಷ ತಕರಾರಿಲ್ಲದೆ ಫ್ಯಾಕ್ಟರಿಗೆ ಹೊತ್ತೊಯ್ದ ಆ ಬಡಪಾಯಿ ಗಾಡಿ ಆ ಗಳಿಗೆಯಿಂದ 'ಡಬ್ಬಾ' ಆಗಿಬಿಡುತ್ತದೆ!

ಹೊಸ ದೊಡ್ಡ ಗಾಡಿ ಕೊಳ್ಳೋಣವೆಂದರೆ ರಸ್ತೆಗಿಳಿಯುವ ಹೊತ್ತಿಗೆ ಎರಡು ಲಕ್ಷದ ಮಾತು. ಆಗ ಹೊಳೆಯುವ ದಾರಿ ಒಂದೇ: 'ಹಳೇದು ತಗೊಂಡ್ರೆ ಹೆಂಗೆ?' ಹಳೇ ಬುಲೆಟ್ಟೋ, ಹಳೇ ಯೆಜ್ಡಿಯೋ, ಕೈಗೆ ಸಿಕ್ಕಿದ್ದು. ಆಟೋ ಕನ್ಸಲ್ಟಿಂಗ್ ಅಂಗಡಿಗಳ ಮುಂದೆ ಭಾನುವಾರ ನಿಂತು ನೋಡಿ, ಈ ಜಾತಿಯ ಗಿರಾಕಿಗಳಿಗೆ ಬರವಿಲ್ಲ.

ಆಸೆ ತಪ್ಪಲ್ಲ. ಅದರಲ್ಲೂ ಮೈಸೂರಿನವರಿಗೆ ಈ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೂ ಇಲ್ಲ. 1960ರಲ್ಲಿ ಇರಾನಿ ಕುಟುಂಬದವರು ಐಡಿಯಲ್ ಜಾವಾ ಕಂಪನಿ ಕಟ್ಟಿ, ಮರುವರ್ಷದಿಂದ ಗಾಡಿ ಹೊರಡಿಸಿದ್ದು ಇದೇ ಊರಿನ ಯಾದವಗಿರಿಯಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ಇಲ್ಲಿ ಮೈಸೂರಿನ ಕೂಸಾಯಿತು, ಆಮೇಲೆ ಯೆಜ್ಡಿಯಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂದಿದ್ದು ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದಲ್ಲಿ. ನಮ್ಮೂರಿನಲ್ಲೇ ಹುಟ್ಟಿದ ಗಾಡಿ ಬೇಕೆಂದರೆ ಹಳೆಯದನ್ನೇ ಹುಡುಕಬೇಕು ಸ್ವಾಮಿ.

ಹುಡುಕಿ, ಬೇಡ ಎನ್ನುವವರು ಯಾರು? ಆದರೆ ಹುಡುಕುವ ಕ್ರಮ ಒಂದುಂಟು. ನಮ್ಮ ಹುಡುಗರು ಮೊದಲು ಸದ್ದು ಕೇಳುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಕಡೆಗೆ 'ಆರ್.ಸಿ. ಎಲ್ಲಿ?' ಅಂತ ಕೇಳುತ್ತಾರೆ. ಇದು ಪೂರ್ತಿ ತಿರುಗುಮುರುಗು!

ಪುಸ್ತಕ ಮೊದಲು

ಖಾಸಗಿ ಬೈಕಿನ ನೋಂದಣಿಗೆ 15 ವರ್ಷದ ಆಯಸ್ಸು. ಅದು ಮುಗಿದ ಮೇಲೆ ಆರ್‌ಟಿಓದಲ್ಲಿ ಗಾಡಿ ತೋರಿಸಿ, ಅರ್ಹತೆ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ನೀವು ನೋಡಹೊರಟ ಹಳೇ ಬುಲೆಟ್ ಈ ಗಡುವನ್ನು ಎರಡು ಮೂರು ಬಾರಿ ದಾಟಿರುತ್ತದೆ. ದಾಟುವಾಗಲೆಲ್ಲ ಮಾಲೀಕ ನವೀಕರಣ ಮಾಡಿಸಿದ್ದಾನೆಯೇ? ಮೊದಲ ಪ್ರಶ್ನೆ ಇದೇ.

ಮಾಡಿಸದಿದ್ದರೆ? 'ಅದೇನ್ ಮಹಾ ಸಾರ್, ನೂರಿನ್ನೂರು ಕಟ್ಟಿದ್ರೆ ಆಗೋಯ್ತು' ಎನ್ನುವ ದಲ್ಲಾಳಿಯ ಮಾತು ನಂಬಬೇಡಿ. ಆ ಕಾಲ ಹೋಯಿತು. 2022ರ ಏಪ್ರಿಲ್‌ನಿಂದ ಬೈಕಿನ ನವೀಕರಣ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಏರಿತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿ ಮಾಡಿದರು. ಇದರ ಮೇಲೆ ಪರೀಕ್ಷೆಯ ಶುಲ್ಕ ಬೇರೆ, ಹಸಿರು ತೆರಿಗೆ ಬೇರೆ. ಎಲ್ಲಕ್ಕಿಂತ ಬಿಸಿ ಮುಟ್ಟಿಸುವುದು ತಡವಾದದ್ದಕ್ಕೆ ಕಟ್ಟುವ ಹೆಚ್ಚುವರಿ ಶುಲ್ಕ. ಬೈಕಿಗೆ ತಿಂಗಳಿಗೆ 300 ರೂಪಾಯಿಯಂತೆ ಎಂದು ಕೇಂದ್ರದ ನಿಯಮದಲ್ಲಿದೆ. ಮೂರು ವರ್ಷ ಕೊಟ್ಟಿಗೆಯಲ್ಲಿ ಮಲಗಿದ್ದ ಗಾಡಿಗೆ 36 ತಿಂಗಳು, ಅಂದರೆ 10,800! ಆದ್ದರಿಂದ ಗಾಡಿಯ ನಂಬರು ಬರೆದುಕೊಂಡು ಹೋಗಿ, ಆರ್‌ಟಿಓ ಕೌಂಟರಿನಲ್ಲೇ ಒಟ್ಟು ಎಷ್ಟಾಗುತ್ತದೆಂದು ಲೆಕ್ಕ ಮಾಡಿಸಿ. ಆ ಮೊತ್ತವನ್ನು ಮಾರುವವನ ಬೆಲೆಯಿಂದ ಕಳೆಯಿರಿ. ಅವಧಿ ಮೀರಿದ ಆರ್.ಸಿ. ಇಟ್ಟುಕೊಂಡು ಓಡಿಸಿದರೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಬೀಳಬಹುದು.

ಇನ್ನು ನಂಬರುಗಳು. ಚಾಸಿಸ್ ನಂಬರು, ಇಂಜಿನ್ ನಂಬರು ಎರಡನ್ನೂ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದುಕೊಳ್ಳಿ. ಆರ್.ಸಿ.ಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಹಳೇ ಗಾಡಿಗಳಲ್ಲಿ ಒಂದರ ಇಂಜಿನ್ ಇನ್ನೊಂದಕ್ಕೆ ಕೂರಿಸುವುದು ಹೊಸ ವಿದ್ಯೆಯೇನಲ್ಲ. ನಂಬರಿನ ಜಾಗದಲ್ಲಿ ಅರ ಹಾಕಿದ ಗುರುತಿದ್ದರೆ ಮಾತಿಲ್ಲದೆ ಎದ್ದು ಬನ್ನಿ. ಅದು ಕದ್ದ ಮಾಲಾದರೆ ಗಾಡಿ ಹೋಗುತ್ತದೆ, ದುಡ್ಡು ಹೋಗುತ್ತದೆ, ಠಾಣೆಯ ಬೆಂಚು ಮಾತ್ರ ನಿಮಗೆ ಉಳಿಯುತ್ತದೆ.

'ಆರ್.ಸಿ. ಕಳೆದುಹೋಗಿದೆ, ಡೂಪ್ಲಿಕೇಟ್ ಮಾಡಿಸ್ಕೊಳ್ಳಿ' ಎನ್ನುವವರಿದ್ದಾರೆ. ಅದನ್ನು ಮಾಡಿಸಬೇಕಾದವನು ದಾಖಲೆಯಲ್ಲಿರುವ ಮಾಲೀಕ, ನೀವಲ್ಲ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ 31ನೇ ಫಾರಂ. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಓದ ಎನ್.ಓ.ಸಿ. ಬೇಕು, ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಸಾಲದಲ್ಲಿ ಕೊಂಡಿದ್ದಾದರೆ ಬ್ಯಾಂಕಿನ ಹೆಸರು ತೆಗೆಸಿರಬೇಕು. ಮೊಬೈಲಿನಲ್ಲಿ ಎಂಪರಿವಾಹನ್ ತೆರೆದು ಗಾಡಿ ನಂಬರು ಒತ್ತಿದರೆ ನೋಂದಣಿ, ವಿಮೆಗಳ ಸ್ಥಿತಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ!

'ವಿಂಟೇಜ್ ಗಾಡಿ' ಎಂದು ಹತ್ತಿಪ್ಪತ್ತು ಸಾವಿರ ಏರಿಸುವವರೂ ಇದ್ದಾರೆ. ಸರ್ಕಾರದ 2021ರ ನಿಯಮದಂತೆ 50 ವರ್ಷ ದಾಟಿದ್ದೇ ವಿಂಟೇಜ್. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಕೆಲಸಕ್ಕೆ ಓಡಿಸುವಂತೆಯೂ ಇಲ್ಲ. 1990ರ ಬುಲೆಟ್ ವಿಂಟೇಜೂ ಅಲ್ಲ, ಗಿಂಟೇಜೂ ಅಲ್ಲ.

ಮಾರಿದವನ ಕೊರಳಿಗೆ ಉರುಳು

ಈಗ ಮಾರುವವರಿಗೂ ಒಂದು ಮಾತು. ನಿಮ್ಮ ನೂರು ಸಿ.ಸಿ. ಗಾಡಿಯನ್ನು ಮಾರಿ ದೊಡ್ಡದು ಕೊಳ್ಳುತ್ತೀರಲ್ಲ, ಆ ಗಾಡಿ ಯಾರ ಹೆಸರಿಗೆ ಹೋಯಿತು, ನೋಡಿದಿರಾ? ಖಾಲಿ ಫಾರಂಗೆ ಸಹಿ ಹಾಕಿ, ಕೀ ಕೊಟ್ಟು, ದುಡ್ಡು ಎಣಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಆ ಗಾಡಿ ನಾಲ್ಕು ಕೈ ದಾಟಿ ಎಲ್ಲೋ ಒಂದು ಕಡೆ ಒಬ್ಬರಿಗೆ ಗುದ್ದಿದರೆ ಕೋರ್ಟಿನ ನೋಟಿಸು ಬರುವುದು ನಿಮ್ಮ ಮನೆ ಬಾಗಿಲಿಗೆ.

ಇದು ಹೆದರಿಸುವ ಮಾತಲ್ಲ. ಕೈಯಿಂದ ಕೈಗೆ ಮಾರಾಟವಾಗಿದ್ದ ವಾಹನವೊಂದರ ಅಪಘಾತ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ: ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಮಾರಿದವರು 14 ದಿನದೊಳಗೆ 29ನೇ ಫಾರಂನಲ್ಲಿ ತಿಳಿಸಬೇಕು, ಕೊಂಡವರು 30 ದಿನದೊಳಗೆ 30ನೇ ಫಾರಂ ಕೊಡಬೇಕು. ವಿಮೆಯನ್ನೂ ಹೆಸರು ಬದಲಾಯಿಸಿಕೊಳ್ಳಬೇಕು. ಇಬ್ಬರೂ ಒಟ್ಟಿಗೆ ಹೋಗಿ ಕೆಲಸ ಮುಗಿಸಿದರೆ ಇಬ್ಬರಿಗೂ ನಿದ್ದೆ.

ತಣ್ಣಗಿದ್ದಾಗ ನೋಡಿ

ಕಾಗದ ಸರಿಯಿದೆ ಎಂದಾದ ಮೇಲೆ ಗಾಡಿಯ ಬಳಿ ಹೋಗಿ. ಬೆಳಿಗ್ಗೆಯೇ ಹೋಗಿ. ಮೊದಲು ಇಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. 'ಟೀ ಕುಡ್ಕೊಂಡ್ ಬರ್ತೀನಿ' ಅಂತ ಹೇಳಿ, ಒಂದು ಗಂಟೆ ಬಿಟ್ಟು ಹೋಗಿ. ಗಾಡಿಯ ನಿಜಗುಣ ತಿಳಿಯುವುದು ತಣ್ಣಗಿದ್ದಾಗಲೇ.

ಹಳೇ ಬುಲೆಟ್ ನಿಂತ ನೆಲ ನೋಡಿ. ನಾಲ್ಕು ತೊಟ್ಟು ಆಯಿಲ್ ಇದ್ದರೆ ಗಾಬರಿ ಬೇಡ, ಆ ಜಾತಿಯ ಗುಣವೇ ಅದು. ಕೆರೆಯೇ ಆಗಿದ್ದರೆ ಯೋಚಿಸಿ. ಬಹಳ ದಿನ ನಿಂತ ಗಾಡಿ ಮೊದಲು ಸ್ವಲ್ಪ ಹೊಗೆ ಉಗುಳಿ ಸುಮ್ಮನಾದರೆ ಸರಿ. ಓಡುತ್ತಾ ಓಡುತ್ತಾ ನೀಲಿ ಹೊಗೆ ಬಿಟ್ಟರೆ ರಿಂಗು, ಬೋರು ಸವೆದಿವೆ. ಯೆಜ್ಡಿಯ ವಿಷಯ ಬೇರೆ. ಅದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿ, ಅಷ್ಟಿಷ್ಟು ಹೊಗೆ ಅದರ ಉಸಿರು.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ, ತುಕ್ಕು ಕಾಣುತ್ತದೆಯೇ ನೋಡಿ. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ 'ಕಟ್ ಕಟ್' ಅಂದರೆ ಕೋನ್‌ಸೆಟ್ ಹೋಗಿದೆ. ಎದುರಿಗೆ ಕೂತು ಎರಡು ಫೋರ್ಕೂ ಸಮ ಇವೆಯೇ, ಚಕ್ರ ನೇರ ಇದೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 1215 ಎಂದಿದ್ದರೆ 2015ರ ಹನ್ನೆರಡನೇ ವಾರದ ಟೈರು. ಗುಂಡಿ ಎಷ್ಟೇ ಆಳ ಕಂಡರೂ ಆ ರಬ್ಬರು ಸತ್ತಿದೆ.

ಹೊಸ ಪೇಂಟು, ಹೊಳೆಯುವ ಸೈಲೆನ್ಸರು ನೋಡಿ ಮರುಳಾಗಬೇಡಿ. ಅದರಲ್ಲೂ ಕಿವಿ ಹರಿಯುವ ಸೈಲೆನ್ಸರ್ ಹಾಕಿದ ಗಾಡಿ ಬೇಡವೇ ಬೇಡ. ಅಂಥವನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಇಟ್ಟು ರೋಡ್‌ರೋಲರ್ ಹತ್ತಿಸಿದ್ದು ರಾಜ್ಯದ ಹಲವು ಊರುಗಳಲ್ಲಿ ನಡೆದಿದೆ.

ಬಲಗಾಲಿಗೆ ಹೊಸ ಪಾಠ

ಇದು ಜೀವದ ಪ್ರಶ್ನೆ, ಸ್ವಲ್ಪ ಗಮನವಿಟ್ಟು ಓದಿ. ಇಂದಿನ ಗಾಡಿಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಹಳೇ ಬುಲೆಟ್‌ಗಳಲ್ಲಿ ಇದು ಅದಲು ಬದಲು! ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಖಾಲಿ ರಸ್ತೆಯಲ್ಲಿ ಒಂದು ರೌಂಡು ಹೊಡೆದು 'ಅಭ್ಯಾಸ ಆಗೋಯ್ತು' ಎನ್ನುವುದು ಸುಲಭ. ಅಡ್ಡಲಾಗಿ ಮಗುವೋ ದನವೋ ಬಂದಾಗ ಬುದ್ಧಿ ಯೋಚಿಸುವುದಿಲ್ಲ, ಕಾಲು ಹಳೇ ಅಭ್ಯಾಸಕ್ಕೇ ಹೋಗುತ್ತದೆ. ಬ್ರೇಕೆಂದು ಒತ್ತಿದ್ದು ಗೇರಾಗಿರುತ್ತದೆ, ಗಾಡಿ ನಿಲ್ಲುವುದಿಲ್ಲ.

ಅದರ ಮೇಲೆ ತೂಕ. ಇಲ್ಲಿಯವರೆಗೆ ಓಡಿಸಿದ್ದು 110 ಕೆ.ಜಿ. ಆಸುಪಾಸಿನ ಗಾಡಿ, ಇದು 160 ದಾಟಿದ್ದು. ಬ್ರೇಕು ನೋಡಿದರೆ ಹಳೇ ಡ್ರಮ್ಮು. ತೂಕ ಹೆಚ್ಚು, ಹಿಡಿತ ಕಡಿಮೆ. ಆದ್ದರಿಂದ ಒಂದು ತಿಂಗಳು ಹಿಂದೆ ಯಾರನ್ನೂ ಕೂರಿಸದೆ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಕಾಲಿಗೆ ಪಾಠ ಹೇಳಿಕೊಡಿ. ಪೇಟೆಗೆ ಆಮೇಲೆ ತನ್ನಿ. ಚಾಮುಂಡಿ ಬೆಟ್ಟದ ಇಳಿಜಾರು ಅದಕ್ಕೂ ಆಮೇಲೆ.

ಕಿಕ್ಕೂ ಹಾಗೇ. ಅಮ್ಮೀಟರ್ ಮುಳ್ಳು ನೋಡಿ, ಎಡಗೈ ಬಳಿಯ ಡಿಕಂಪ್ರೆಸರ್ ಹಿಡಿದು, ಪಿಸ್ಟನ್ ಹದಕ್ಕೆ ಬಂದ ಮೇಲೆ ಒದೆಯಬೇಕು. ಸಿಟ್ಟಿನಿಂದ ಒದ್ದರೆ ಅದೂ ತಿರುಗಿಸಿ ಒದೆಯುತ್ತದೆ, ಕಾಲಿನ ಗಂಟು ಊದುತ್ತದೆ. ಮಾರುವವನ ಕೈಲೇ ನಾಲ್ಕು ಸಲ ಮಾಡಿಸಿ ಕಲಿತುಕೊಳ್ಳಿ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್, ಅದೂ ಎಡಕ್ಕೆ. ಬ್ರೇಕು ಬಲಕ್ಕೇ ಇರುವುದರಿಂದ ಈ ಒಂದು ವಿಷಯದಲ್ಲಿ ಅದು ಸುಲಭ.

ತಿಂಗಳ ಲೆಕ್ಕ

ಮೈಸೂರಿನಿಂದ ನಂಜನಗೂಡಿನ ಫ್ಯಾಕ್ಟರಿಗೆ ಹೋಗಿ ಬರುವವನ ಲೆಕ್ಕ ಹಿಡಿಯೋಣ. ದಿನಕ್ಕೆ 48 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 1,200 ಕಿ.ಮೀ. ಲೀಟರಿಗೆ 60 ಕೊಡುವ ಗಾಡಿಗೆ 20 ಲೀಟರ್ ಸಾಕು. 30 ಕೊಡುವ ಹಳೇ ಬುಲೆಟ್‌ಗೆ 40 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದರೂ ತಿಂಗಳಿಗೆ 2,000 ಹೆಚ್ಚು, ವರ್ಷಕ್ಕೆ 24,000! ವಿಮೆಯಲ್ಲೂ ವ್ಯತ್ಯಾಸ. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆ ನೂರು ಸಿ.ಸಿ. ಗಾಡಿಗೆ 714 ರೂಪಾಯಿ, 150ರಿಂದ 350 ಸಿ.ಸಿ. ಒಳಗಿನದಕ್ಕೆ 1,366. ಜಿ.ಎಸ್.ಟಿ. ಬೇರೆ.

ಬುಲೆಟ್ಟಿನ ಸಾಮಾನು ಸಣ್ಣ ಊರಿನಲ್ಲೂ ಸಿಗುತ್ತದೆ. ಯೆಜ್ಡಿಯ ಅಸಲಿ ಸಾಮಾನು ಸಿಗುವುದು ಕಷ್ಟ, ಡೂಪ್ಲಿಕೇಟಿನ ಬಾಳಿಕೆ ಕಡಿಮೆ. ಅದರ ಇಂಜಿನ್ ಬಿಚ್ಚಿ ಸರಿಯಾಗಿ ಕೂರಿಸಬಲ್ಲ ಹಿರಿಯ ಕೈಗಳೂ ವರ್ಷ ವರ್ಷ ಕಡಿಮೆಯಾಗುತ್ತಿವೆ. ಆದ್ದರಿಂದ ಗಾಡಿ ಹುಡುಕುವ ಮುಂಚೆ ಮೆಕ್ಯಾನಿಕ್‌ನನ್ನು ಹುಡುಕಿ, ನೋಡಲು ಹೋಗುವಾಗ ಅವನನ್ನೇ ಕರೆದುಕೊಂಡು ಹೋಗಿ. ಅವನಿಗೆ ಕೊಡುವ ಐನೂರು ದಂಡವಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ತನಕದ ಹೊಸ ಗಾಡಿಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದೇ ಇಳಿದ ಮೇಲೆ ಹಳೇದಕ್ಕೆ ಹಳೇ ಬೆಲೆ ಏಕೆ? ಚೌಕಾಸಿ ಮಾಡುವಾಗ ಇದು ನೆನಪಿರಲಿ.

ಹಾಗಾದರೆ ಕೊಳ್ಳಬಾರದೇ?

ಧಾರಾಳವಾಗಿ ಕೊಳ್ಳಿ. ಆದರೆ ಕೈಯಲ್ಲಿ 90,000 ಇದ್ದರೆ 60,000ದ ಗಾಡಿ ನೋಡಿ. ಉಳಿದ 30,000 ಕಾಗದಕ್ಕೆ, ಟೈರಿಗೆ, ಮೊದಲ ರಿಪೇರಿಗೆ. ಮೂರರಲ್ಲಿ ಒಂದು ಪಾಲು ಕೈಯಲ್ಲಿಟ್ಟುಕೊಳ್ಳದೆ ಹಳೇ ದೊಡ್ಡ ಗಾಡಿಗೆ ಕೈ ಹಾಕಬೇಡಿ. ಇನ್ನೂ ಒಳ್ಳೆಯದೆಂದರೆ ಆರು ತಿಂಗಳು ಚಿಕ್ಕ ಗಾಡಿಯನ್ನು ಮಾರಬೇಡಿ. ಡ್ಯೂಟಿಗೆ ಅದು, ಭಾನುವಾರಕ್ಕೆ ಇದು. ದೊಡ್ಡದು ಗ್ಯಾರೇಜು ಸೇರಿದ ದಿನ ಹಾಜರಿ ತಪ್ಪಿಸದೆ ಫ್ಯಾಕ್ಟರಿಗೆ ಮುಟ್ಟಿಸುವುದು ಆ 'ಡಬ್ಬಾ'ನೇ!

ಕೊನೆಯದಾಗಿ ಅಧಿಕಾರಿಗಳಿಗೆ ಎರಡು ಮನವಿ. ಹಳೇ ಗಾಡಿಯ ವರ್ಗಾವಣೆಗೆ ಯಾವ ಫಾರಂ, ನವೀಕರಣಕ್ಕೆ ಎಷ್ಟು ಶುಲ್ಕ, ಎಷ್ಟು ದಿನದ ಗಡುವು ಎಂಬುದನ್ನು ಕಣ್ಣಿಗೆ ಹೊಡೆಯುವಂತೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಆರ್‌ಟಿಓ ಬಾಗಿಲಲ್ಲೇ ಬರೆಸಿ. ಅರ್ಧ ದಲ್ಲಾಳಿತನ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು, ಯಾದವಗಿರಿಯ ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಈ ಊರಿನಲ್ಲಿ ಇರುವಾಗಲೇ ಐಟಿಐ ಹುಡುಗರ ಮುಂದೆ ಅವರನ್ನು ಕರೆಸಿ ನಾಲ್ಕು ಇಂಜಿನ್ ಬಿಚ್ಚಿಸಿ ಕೂರಿಸಿ. ಸಾಮಾನನ್ನು ಲೇತ್‌ನಲ್ಲಿ ಕಡೆದುಕೊಳ್ಳಬಹುದು, ಆ ಕೈಗಳನ್ನು ಎಲ್ಲಿಂದ ತರುವುದು?

ಸಂಬಂಧಪಟ್ಟವರು ಗಮನ ಹರಿಸುವರೇ?