ಥರ್ಮೋಸ್ಟ್ಯಾಟ್: ಗಿರಣಿಗಾಗಿ ಹುಟ್ಟಿದ ಪದ

ಇಸ್ತ್ರಿ ಪೆಟ್ಟಿಗೆ, ಗೀಸರು, ಫ್ರಿಜ್ಜುಗಳ ಒಳಗಿದ್ದು ಶಾಖವನ್ನು ಬೇಕಾದ ಮಟ್ಟದಲ್ಲಿ ಹಿಡಿದಿಡುವ ಸಾಧನವೇ ಥರ್ಮೋಸ್ಟ್ಯಾಟ್. 1877ರಿಂದ ಬಟ್ಟೆ ಗಿರಣಿಗಳನ್ನು ಕಂಡ, ಚಾದರಗಳಿಂದ ಹೆಸರಾದ ಸೋಲಾಪುರಕ್ಕೆ ಈ ಪದ ತೀರ ಪರಕೀಯವಲ್ಲ. ಏಕೆಂದರೆ 1830ರಲ್ಲಿ ಈ ಹೆಸರಿನ ಉಪಕರಣಕ್ಕೆ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್, ಗಿರಣಿಗಳಲ್ಲಿ ಶಾಖ ಏರಿಳಿಯದಂತೆ ಕಾಯುವ ಅಗತ್ಯವನ್ನು ಕಂಡೇ ಅದನ್ನು ರೂಪಿಸಿದ.

ಅದರ ಗುಟ್ಟು ಸರಳ. ಕಾದಾಗ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆಯಾದ್ದರಿಂದ, ಎರಡರ ಪಟ್ಟಿಗಳನ್ನು ಬೆಸೆದು ಕಾಯಿಸಿದರೆ ಜೋಡುಪಟ್ಟಿ ಉಕ್ಕಿನ ಕಡೆಗೆ ಬಾಗುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಹೀಗೆ ಬಾಗಿದ ಪಟ್ಟಿ ವಿದ್ಯುತ್ತಿನ ಸಂಪರ್ಕವನ್ನು ಬಿಡಿಸುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ರೇಷ್ಮೆಗೋ ಹತ್ತಿಗೋ ಎಂದು ತಿರುಗಿಸುವ ಗುಂಡಿ ಮಾಡುವುದಿಷ್ಟೇ: ಪಟ್ಟಿ ಎಷ್ಟು ಬಾಗಿದ ಮೇಲೆ ಸಂಪರ್ಕ ತಪ್ಪಬೇಕೆಂಬುದನ್ನು ಒಂದು ತಿರುಪಿನಿಂದ ಗೊತ್ತುಮಾಡುವುದು. ಆದ್ದರಿಂದ ಶಾಖ ನಿಜವಾಗಿ ನಿಲ್ಲುವುದಿಲ್ಲ, ಗೊತ್ತುಮಾಡಿದ ಮಟ್ಟದ ಆಚೀಚೆ ತೂಗುತ್ತಿರುತ್ತದೆ.

ಪದದ ಅರ್ಥ ಮಾತ್ರ ನಿಂತ ಶಾಖ ಎಂದೇ. ಗ್ರೀಕಿನಲ್ಲಿ ಥರ್ಮೋಸ್ ಎಂದರೆ ಬಿಸಿ, ಸ್ಟಾಟೋಸ್ ಎಂದರೆ ನಿಂತದ್ದು. ಭಾಷಾಶಾಸ್ತ್ರದ ಪ್ರಕಾರ ಥರ್ಮೋಸ್ ಮತ್ತು ಸಂಸ್ಕೃತದ ಘರ್ಮ, ಸ್ಟಾಟೋಸ್ ಮತ್ತು ಸ್ಥಿತ, ಒಂದೊಂದು ಜೋಡಿಯೂ ಒಂದೊಂದೇ ಮೂಲದಿಂದ ಕವಲೊಡೆದವು. ಬೆವರನ್ನು ಘರ್ಮಜಲವೆಂದು ಬರೆಯುವ ಕನ್ನಡಿಗನಿಗೆ ಥರ್ಮೋಸ್ಟ್ಯಾಟ್ ದೂರದ ನಂಟನೇ ಸರಿ. ಕನ್ನಡದಲ್ಲಿ ತಾಪಸ್ಥಾಪಿ ಎಂಬ ಅಚ್ಚುಕಟ್ಟಾದ ಪದವೂ ಇದೆ, ಆದರೆ ರಿಪೇರಿ ಅಂಗಡಿಯಲ್ಲಿ ಅದನ್ನು ಕೇಳಿದರೆ ವಸ್ತು ಸಿಗುವುದು ಕಷ್ಟ.

ಉರಿಯನ್ನು ಸಣ್ಣದು ದೊಡ್ಡದು ಮಾಡುವ ಎಲ್ಲವೂ ಥರ್ಮೋಸ್ಟ್ಯಾಟ್ ಆಗುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಗ್ಯಾಸ್ ಒಲೆಯ ಗುಂಡಿ ಒಳಬರುವ ಅನಿಲವನ್ನು ಹೆಚ್ಚುಕಡಿಮೆ ಮಾಡುತ್ತದೆಯೇ ಹೊರತು ಹಂಚು ಎಷ್ಟು ಕಾದಿದೆ ಎಂಬುದು ಅದಕ್ಕೆ ತಿಳಿಯದು. ಶಾಖವನ್ನು ತಾನೇ ಅರಿತು ತಾನೇ ತಿದ್ದುವುದು ಥರ್ಮೋಸ್ಟ್ಯಾಟಿನ ಲಕ್ಷಣ. ಅಕ್ಕಲಕೋಟೆಯ ಕಡೆ ಜೋಳದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಖಡಕ್ಕಾಗುವಂತೆ ಒಣಗಿಸುವಾಗ ಆ ಅರಿಯುವ ತಿದ್ದುವ ಕೆಲಸವೆರಡನ್ನೂ ಒಲೆಯ ಮುಂದೆ ಕುಳಿತವರೇ ಮಾಡುತ್ತಾರೆ.